ಲಾಕ್ ಆದ ಫೋನಿನಲ್ಲಿ ಒಂದು ಹೆಸರು

ಬಚ್ಚಲಿನಲ್ಲಿ ನೀರು ಬೀಳುವ ಸದ್ದು ನಿಲ್ಲುವುದರೊಳಗೆ ಕೆಲಸ ಮುಗಿಯಬೇಕಿತ್ತು. ನೀಲಿಮಾ ಚಾರ್ಜಿಗಿಟ್ಟಿದ್ದ ಗಂಡನ ಫೋನನ್ನು ಎತ್ತಿಕೊಂಡು ಅಡುಗೆಮನೆಗೆ ಬಂದಳು. ಪಾಸ್‌ವರ್ಡ್ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಪರದೆಯ ಕೆಳಗಿದ್ದ 'ಎಮರ್ಜೆನ್ಸಿ' ಒತ್ತಿದಳು. ನಿನ್ನೆ ಕಂಡ ಹೆಸರು ಇವತ್ತೂ ಅಲ್ಲೇ ಇತ್ತು. ಶರಣ್ಯಾ.

ನಿನ್ನೆ ನೋಡಿದ್ದೇನೂ ಕೆಟ್ಟ ಉದ್ದೇಶದಿಂದಲ್ಲ. ಬಿಬವೇವಾಡಿಯ ಅವರ ಸೊಸೈಟಿಯಲ್ಲಿ ಹೋದ ವಾರ ಹಿರಿಯರೊಬ್ಬರು ಲಿಫ್ಟಿನಲ್ಲಿ ಕುಸಿದಿದ್ದರು. ಅವರ ಫೋನು ಕೈಯಲ್ಲೇ ಇದ್ದರೂ ಯಾರಿಗೆ ತಿಳಿಸುವುದೆಂದು ಗೊತ್ತಾಗದೆ ಜನ ಅರ್ಧ ಗಂಟೆ ಒದ್ದಾಡಿದ್ದರು. ಅಂದಿನಿಂದ ಸೆಕ್ರೆಟರಿಯದು ಒಂದೇ ವರಾತ: ಲಾಕ್ ತೆಗೆಯದೆ ಕಾಣುವಂತೆ ಮನೆಯವರ ನಂಬರ್ ಹಾಕಿಡಿ. ನೀಲಿಮಾ ತನ್ನ ಫೋನಿನಲ್ಲಿ ಗಂಡನ ನಂಬರ್ ಹಾಕಿದಳು. ರಾತ್ರಿ ಅವನು ನಿದ್ದೆಹೋದ ಮೇಲೆ ಅವನ ಫೋನಿನಲ್ಲಿ ತನ್ನದಿದೆಯೇ ಎಂದು ನೋಡಿದಳು. ತನ್ನದೂ ಇರಲಿಲ್ಲ, ಧಾರವಾಡದ ಅತ್ತೆಯದೂ ಇರಲಿಲ್ಲ.

ಮದುವೆಯಾಗಿ ಏಳೇ ತಿಂಗಳು. ಪೃಥ್ವಿರಾಜ್ ಒಳ್ಳೆಯವನೆಂದೇ ಅವಳು ತವರೂರು ಬೆಳಗಾವಿಗೆಲ್ಲ ಸಾರಿದ್ದಳು. ಹೊಸದರಲ್ಲಿ, ತನ್ನನ್ನು ನೋಡಲು ಬಂದು ಅಪ್ಪನ ಕೈಯಲ್ಲಿ ಬೇಡವೆನಿಸಿಕೊಂಡ ಗಂಡುಗಳ ಕಥೆ ಹೇಳುತ್ತಿದ್ದಳು. ಒಬ್ಬನಿಗೆ ಜೂಜು, ಒಬ್ಬನಿಗೆ ಫಿಟ್ಸ್, ಒಬ್ಬನಿಗೆ ಆಗಲೇ ಬೊಕ್ಕತಲೆ. ಪೃಥ್ವಿಯೂ ಜೋರಾಗಿ ನಕ್ಕಿದ್ದ. ಪಾಪ, ಎಷ್ಟು ಸರಳ ಮನುಷ್ಯ ಎಂದುಕೊಂಡಿದ್ದಳು.

ಸರಳವಂತೆ! ನಿನ್ನೆಯಿಂದ ಒಂದೊಂದೇ ನೆನಪಾಗುತ್ತಿತ್ತು. ಮದುವೆಗೆ ಮುಂಚೆ ಬೈಕು ಮಾರಿದ್ದ. ಹಿಂಜವಾಡಿಯ ಟ್ರಾಫಿಕ್ಕಿಗೆ ಬೇಸತ್ತು ಎಂದಿದ್ದ, ಕಂಪನಿಯ ಕ್ಯಾಬಿನಲ್ಲೇ ಹೋಗುತ್ತಿದ್ದ. ಆ ಕ್ಯಾಬಿನಲ್ಲಿ ಜೊತೆಗೆ ಯಾರು? ದಿನಕ್ಕೆರಡು ಸಲ, ಗಡಿಯಾರ ಇಟ್ಟಂತೆ, ಅವನ ಫೋನು ಗುಂಯ್‌ಗುಡುತ್ತಿತ್ತು. ಊಟದ ನಡುವೆ ಇದ್ದರೂ ಎದ್ದು ಒಳಗೆ ಹೋಗಿ ಎರಡು ನಿಮಿಷ ಬಿಟ್ಟು ಬರುತ್ತಿದ್ದ. ಕೇಳಿದರೆ ಆಫೀಸು. ಬಚ್ಚಲಿಗೂ ಫೋನು ಜೊತೆಗೇ. ಬಾಗಿಲ ಚಿಲಕ ಹಾಕುವಷ್ಟೂ ಪರಿವೆ ಇಲ್ಲದವನಿಗೆ ಫೋನಿನ ಮೇಲೆ ಮಾತ್ರ ಭಾರೀ ನಿಗಾ. ಇವತ್ತು ಭಾನುವಾರ, ಚಾರ್ಜು ತೀರಿದ್ದರಿಂದ ಹೊರಗೆ ಉಳಿದಿತ್ತು.

ಮತ್ತೆ ಆ ಬುಧವಾರ. ಬೆಳಿಗ್ಗೆ ಅವಳೇ ಇಸ್ತ್ರಿ ಮಾಡಿಕೊಟ್ಟ ನೀಲಿ ಅಂಗಿಯಲ್ಲಿ ಹೋದವನು ಸಂಜೆ ಯಾರದೋ ಟೀ ಶರ್ಟಿನಲ್ಲಿ ಬಂದಿದ್ದ. ಚಹಾ ಚೆಲ್ಲಿತು ಎಂದ. ಕೆಳತುಟಿಯ ಮೇಲೆ ಹಲ್ಲಿನ ಗುರುತು ಕೆಂಪಗಿತ್ತು. ಊಟ ಮಾಡುವಾಗ ಕಚ್ಚಿಕೊಂಡೆ ಎಂದ. ಅವಳು, ಹುಚ್ಚಿ, ಬೆಣ್ಣೆ ಸವರಿದ್ದಳು.

ಅವ್ವನಿಗೆ ಬೆಳಿಗ್ಗೆಯೇ ಹೇಳಿಯಾಗಿತ್ತು. ಸುಮ್ಮಸುಮ್ಮನೆ ಅನುಮಾನ ಪಡಬ್ಯಾಡ, ಮೊದಲು ಆಕಿ ದನಿ ಕೇಳು ಎಂದು ಅವ್ವ ಬುದ್ಧಿ ಹೇಳಿದ್ದರು. ಬ್ಯಾಗು ಮಂಚದ ಕೆಳಗೆ ತಯಾರಿತ್ತು. ದನಿ ಕೇಳಿಬಿಟ್ಟರೆ ಹನ್ನೊಂದರ ಬೆಳಗಾವಿ ಬಸ್ಸು, ಕಾತ್ರಜ ಘಾಟು ದಾಟಿದ ಮೇಲೆ ತಿರುಗಿ ನೋಡುವ ಮಾತಿಲ್ಲ.

ನೀಲಿಮಾ ಆ ಹೆಸರನ್ನು ಒತ್ತಿದಳು. ಒಂದೇ ರಿಂಗಿಗೆ ಎತ್ತಿದರು.

"ಹೇಳು ಪೃಥ್ವಿ." ಎಳೆಯ ದನಿ, ಬೆಂಗಳೂರಿನ ಕಡೆಯ ಕನ್ನಡ. ಅದೂ ಏಕವಚನದಲ್ಲಿ.

ರಾತ್ರಿಯೆಲ್ಲ ಜೋಡಿಸಿಟ್ಟಿದ್ದ ಬೈಗುಳಗಳು ಮರೆತೇ ಹೋದವು. ಅವಳಿಗೆ ತುಂಬಾ ಅಳು ಬಂತು. ಹೊರಗೆ ಬಂದದ್ದು ಇಷ್ಟೇ: "ಈ ಫೋನಿನಾಗ ಎಮರ್ಜೆನ್ಸಿ ಅಂತ ನಿಮ್ಮ ನಂಬರ್ ಅದ ರೀ."

ಆ ಕಡೆ ಕುರ್ಚಿ ಸರಿದ ಸದ್ದು. ಯಾವುದೋ ಬಾಗಿಲು ತೆರೆದ ಸದ್ದು.

"ಈ ಮರಾಠಿ ಊರಲ್ಲಿ ಕನ್ನಡದವರು ಸಿಕ್ಕಿದ್ದು ಪುಣ್ಯ. ಅಳ್ಬೇಡಿ, ಗಾಬರಿ ಆಗ್ಬೇಡಿ. ಫಿಟ್ಸ್ ಎರಡು ನಿಮಿಷದಲ್ಲಿ ನಿಲ್ಲುತ್ತೆ. ಕೈಗೆ ಬೀಗದ ಕೈ ಹಿಡಿಸಬೇಡಿ, ಬಾಯಿಗೆ ಏನೂ ತುರುಕಬೇಡಿ, ಒಂದು ಮಗ್ಗುಲಿಗೆ ಮಲಗಿಸಿ. ನಾನು ಅವರ ಆಫೀಸಿನವಳು, ಹೋದ ಸಲ ಬಿದ್ದಾಗಲೂ ನಾನೂ ನಮ್ಮೆಜಮಾನ್ರೂನೇ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು. ಯಾವ ಜಾಗ ಹೇಳಿ, ಈಗಲೂ ಹೊರಟ್ವಿ. ಆದರೆ ನಿಮ್ಮ ದಮ್ಮಯ್ಯ, ಅವರ ಮನೆಗೆ ಮಾತ್ರ ಫೋನ್ ಮಾಡಬೇಡಿ. ಗೊತ್ತಾದರೆ ಹೆಂಡತಿ ಬಿಟ್ಟು ಹೋಗ್ತಾಳೆ ಅಂತ ಆತ ದಿನಾ ಹೆದರಿ ಸಾಯ್ತಿದ್ದಾನೆ."