ನೀರೊಳಗಿನ ಕೆಲಸ

“ಎಷ್ಟು ಆಳಕ್ಕೆ ಇಳಿಸಿದ್ದೀರಿ?”

ಷಡಕ್ಷರಪ್ಪನವರ ದನಿಯಲ್ಲಿ ಪೊಲೀಸ್ ಠಾಣೆಯ ಗತ್ತಿತ್ತು. ಎದುರಿಗೆ ಕೂತ ಬಿಳಿ ಶರಟಿನವನು ಕೇಸರಿಬಾತನ್ನು ನುಂಗಿ ಗಂಭೀರವಾಗಿ ಹೇಳಿದ: “ಆರುನೂರು ಅಡಿ ಮಾಮೂಲು ಸಾರ್. ಸಾವಿರಕ್ಕೂ ಇಳಿಸಿದೀನಿ.”

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಷಡಕ್ಷರಪ್ಪ ಒಂದು ಕೊಬ್ಬರಿಯನ್ನೂ ಕಿವಿಯ ಹತ್ತಿರ ಅಲ್ಲಾಡಿಸದೆ ಕೊಂಡವರಲ್ಲ. ಅಳಿಯನನ್ನು ಬಿಡುತ್ತಾರೆಯೇ? ತಂಗಿಯ ಮಗಳಿಗೆ ಬಂದ ‘ಡಾಕ್ಟರ್’ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಎಣಿಸುವವನಾಗಿದ್ದ. ಅಂದಿನಿಂದ ಮಗಳು ಮಧುಶ್ರೀಗೆ ಬಂದ ಮೂವರು ಗಂಡುಗಳು ಇವರ ಪರೀಕ್ಷೆಯಲ್ಲಿ ನಪಾಸಾಗಿ ಹಿಂತಿರುಗಿದ್ದರು.

“ಇದೂ ತಪ್ಪಿದ್ರೆ ನಾನು ಮದುವೇನೇ ಆಗಲ್ಲ” ಎಂದು ಮಗಳು ಬೆಳಿಗ್ಗೆಯೇ ಹೇಳಿದ್ದಳು.

ನಾಲ್ಕನೆಯವನು ಪಕ್ಕದ ಗಂಡಸಿ ಊರಿನ ಇಂದುಧರ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ನೌಕಾಪಡೆಗೆ ನಾವಿಕನಾಗಿ ಸೇರಿದವನು. ಜಲಾಂತರ್ಗಾಮಿಯ ಕಂಪ್ಯೂಟರುಗಳನ್ನೂ ನೀರಿನೊಳಗಿನ ಸದ್ದು ಆಲಿಸುವ ಸೋನಾರ್ ಯಂತ್ರವನ್ನೂ ನೋಡಿಕೊಳ್ಳುತ್ತಾನಂತೆ. ಅರಸೀಕೆರೆಯಿಂದ ಸಮುದ್ರಕ್ಕೆ ಒಂದು ಘಟ್ಟ ಇಳಿಯಬೇಕು. ಸುಳ್ಳು ಹೇಳಲು ಇದಕ್ಕಿಂತ ಅನುಕೂಲವಾದ ಉದ್ಯೋಗ ಉಂಟೆ? ಮದುವೆ ದಲ್ಲಾಳಿ ಗಂಗಯ್ಯ ತಂದ ಫೋಟೋದಲ್ಲಿ ಹದಿನಾಲ್ಕು ಜನ, ಹದಿನಾಲ್ಕು ಟೋಪಿ, ಹದಿನಾಲ್ಕು ಗಡ್ಡ.

“ಮೊದಲು ಹುಡುಗ ಒಬ್ಬನೇ ಬರಲಿ. ಪರೀಕ್ಷೆ ಮಾಡಬೇಕು” ಎಂದು ಷಡಕ್ಷರಪ್ಪ ಹೇಳಿ ಕಳಿಸಿದ್ದರು.

ಹುಡುಗ ಬರುವ ದಿನವೇ ಬೋರ್‌ವೆಲ್ ಕೈಕೊಟ್ಟಿತ್ತು; ಮೆಕ್ಯಾನಿಕ್ಕಿಗೂ ಹೇಳಿ ಕಳಿಸಿದ್ದರು. ಬೆನ್ನಿಗೆ ಚೀಲ ಹಾಕಿಕೊಂಡು ಗೇಟಿನಲ್ಲಿ ನಿಂತವನು ಬಾಯಿ ತೆರೆಯುವ ಮೊದಲೇ ಅವನನ್ನು ಹಿತ್ತಿಲಿಗೆ ಅಟ್ಟಿದ್ದರು: “ಮೋಟರ್ ಅಲ್ಲಿದೆ, ಮೊದಲು ಅದನ್ನ ಸರಿ ಮಾಡು. ಮಾತು ಆಮೇಲೆ.” ಅರ್ಧ ಗಂಟೆಯ ನಂತರ ಬಿಳಿ ಶರಟು ಬಂತು.

“ಹಾರನಹಳ್ಳೀಲಿ ನಾಮಕರಣ ಇತ್ತು, ತಡ ಆಯ್ತು. ಬಂದ ಕೆಲಸ ನೋಡಿಬಿಡೋಣ್ವಾ ಸಾರ್?”

“ಅಷ್ಟು ಆತುರ ಬೇಡಿ. ಗಂಡಸಿಯವರು ತಾನೆ? ತಿಂಡಿ ತಗೊಳ್ಳಿ” ಎಂದು ಉತ್ತರಕ್ಕೂ ಕಾಯದೆ ಕೂರಿಸಿಕೊಂಡಿದ್ದರು.

“ಒಂದ್ಸಲ ನೀರಿಗೆ ಇಳಿದರೆ ಮೇಲೆ ಬರೋದು ಯಾವಾಗ?” ವಿಚಾರಣೆ ಮುಂದುವರಿಯಿತು.

“ಅದೃಷ್ಟ ಚೆನ್ನಾಗಿದ್ರೆ ಐದಾರು ವರ್ಷ ಮೇಲೆ ಬರಲ್ಲ.”

ಅಡುಗೆಮನೆಯ ಬಾಗಿಲಲ್ಲಿ ಷಡಕ್ಷರಪ್ಪನವರ ಹೆಂಡತಿ ಪ್ರತಿಮಾ ಎದೆ ಹಿಡಿದುಕೊಂಡರು.

“ಕಂಪ್ಯೂಟರ್, ಎಲೆಕ್ಟ್ರಾನಿಕ್ಸು?”

“ಎಲ್ಲಾ ಬೋರ್ಡ್‌ನಾಗೇ ಐತೆ ಸಾರ್. ಈಗಿನವು ಮೊಬೈಲಲ್ಲೇ ಆನ್ ಆಗ್ತವೆ. ಮಲಗಿದ್ದಲ್ಲಿಂದಲೇ ಓಡಿಸಬೌದು.”

ಷಡಕ್ಷರಪ್ಪನವರ ಹುಬ್ಬು ಮೇಲೇರಿತು. “ಅಪಾಯ?”

“ಓಲ್ಟೇಜ್ ಏರುಪೇರಾದ್ರೆ ಮುಗೀತು. ಹೋದ ತಿಂಗಳು ಮೂರು ಸುಟ್ಟೋದ್ವು. ಒಂದು ಒಳಗೇ ಸಿಕ್ಕಾಕ್ಕೊಂಡ್ತು. ಎಳೆದೂ ಎಳೆದೂ ಸಾಕಾಗಿ ಅಲ್ಲೇ ಬಿಟ್ಟು ಬಂದ್ವಿ.”

“ಪೇಪರಿನಲ್ಲಿ ಬರಲೇ ಇಲ್ವಲ್ಲ!”

“ಇದನ್ನೆಲ್ಲಾ ಪೇಪರ್‌ಗೆ ಯಾರ್ ಹಾಕ್ತಾರೆ ಸಾರ್?”

ಮಧುಶ್ರೀ ಹುಡುಗನ ಎದುರಿಗೆ ಬರಬೇಕಾದ ಹೊತ್ತು. ಅವಳು ಹಿತ್ತಿಲಿಗೆ ಕಾಫಿ ಕೊಡಲು ಹೋಗಿ ಇಪ್ಪತ್ತು ನಿಮಿಷವಾಗಿತ್ತು.

“ಏನೇ ಮಾಡ್ತಿದ್ದೀಯಾ ಅಲ್ಲಿ?” ಪ್ರತಿಮಾ ಕೂಗಿದರು.

“ಪೈಪಿಗೆ ಕಿವಿ ಇಟ್ಟು ಕೂತಿದ್ದಾರಮ್ಮ! ಮೋಟರ್ ಚೆನ್ನಾಗಿದೆಯಂತೆ. ಸ್ಟಾರ್ಟರ್ ಒಳಗೆ ಇರುವೆ ಗೂಡು ಕಟ್ಟಿದೆಯಂತೆ” ಎಂದು ಕೂಗಿದವಳು ಕಿಲಕಿಲ ನಕ್ಕಳು.

ಮಗಳ ಆ ನಗು ಷಡಕ್ಷರಪ್ಪನವರಿಗೆ ಹಿಡಿಸಲಿಲ್ಲ. ಇತ್ತ ಸಬ್‌ಮರೀನು ಮಲಗಿದ್ದಲ್ಲಿಂದ ಓಡಿಸುವ ಪುಣ್ಯಾತ್ಮನೂ ಹಿಡಿಸಲಿಲ್ಲ. ಕೊನೆಯ ಪ್ರಶ್ನೆಗೆ ಬಂದರು.

“ಸಂಸಾರದ ಬಗ್ಗೆ ಏನು ಯೋಚನೆ ಮಾಡಿದ್ದೀರಿ?”

“ಯೋಚನೆ ಏನೈತೆ ಸಾರ್? ಇಬ್ಬರು ಮಕ್ಕಳು. ದೊಡ್ಡವನು ಏಳನೇ ಕ್ಲಾಸು.”

ಷಡಕ್ಷರಪ್ಪ ಎದ್ದು ನಿಂತ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. “ಮೋಸ! ಪ್ರತಿಮಾ, ಬಾಗಿಲು ಹಾಕು! ಮೆಕ್ಯಾನಿಕ್ಕು, ಬಾರಯ್ಯಾ ಬೇಗ, ಇವನನ್ನ ಹಿಡಿ!”

ಬಿಳಿ ಶರಟಿನವನು ತಟ್ಟೆ ಹಿಡಿದುಕೊಂಡೇ ಗಾಬರಿಯಿಂದ ಎದ್ದ. “ಮೆಕ್ಯಾನಿಕ್ ನಾನೇ ಅಲ್ವಾ ಸಾರ್?”

ಅಷ್ಟರಲ್ಲಿ ಹಿತ್ತಿಲ ತೊಟ್ಟಿಗೆ ಭರ್ರೆಂದು ನೀರು ಬಿತ್ತು. ಮೊಣಕೈವರೆಗೆ ಕೆಸರು ಮೆತ್ತಿಕೊಂಡವನೊಬ್ಬ ಓಡಿ ಬಂದು ಹೊಸ್ತಿಲಲ್ಲಿ ನೆಟ್ಟಗೆ ನಿಂತು, ಹಿಂದೆ ನಗು ತಡೆಯಲಾರದೆ ನಿಂತ ಮಧುಶ್ರೀಯನ್ನೊಮ್ಮೆ ನೋಡಿ ಕೇಳಿದ:

“ನಾನು ಗಂಡಸಿಯ ಇಂದುಧರ. ಪರೀಕ್ಷೆ ಇಷ್ಟೇನಾ ಸಾರ್, ಇನ್ನೂ ಇದೆಯಾ?”