ಬೆವರಿದ ಮಲ್ಲಿಗೆಯ ಕೊನೆ

ಸೊಸೆಯ ಚೀಲದ ತಳದಲ್ಲಿ ಗುರುಸಿದ್ದವ್ವನಿಗೆ ಸಿಕ್ಕಿದ್ದು ಒಂದೇ ಒಂದು ಪಾಪ್‌ಕಾರ್ನ್.

ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದಳು. ಮೂಸಿದಳು. ಪಕ್ಕದ ಮನೆಯ ನಜಮಾ ಕೂಡ ಬಾಗಿ ಮೂಸಿದಳು.

"ನಾ ಹೇಳಿದ್ದಿಲ್ಲೇನ್ರಿ ಅಕ್ಕಾರ? ನಮ್ಮ ಮೈದುನ ಯುನೂಸ ಇವತ್ತ ಬಾಗಲಕೋಟಿ ಥೇಟರ್ ಮುಂದನ ನೋಡ್ಯಾನ. ಖರೆ, ನಿಮ್ಮ ಶೀಲಾನ."

"ಒಳಗ ಹೋಗೂದು ನೋಡ್ಯಾನೇನ?"

"ಅದಿಲ್ಲ. ಓಡಿ ಬಂದು ಬಸ್ ಹತ್ತೂದು ನೋಡ್ಯಾನ. ಆದ್ರ ಪಿಚ್ಚರ್ ಇನ್ನೂ ಬಿಟ್ಟಿದ್ದಿಲ್ಲಂತ."

ಗುರುಸಿದ್ದವ್ವನ ಉತ್ಸಾಹ ಅರ್ಧ ಇಳಿಯಿತು. ದುಡ್ಡು ಕೊಟ್ಟು ಒಳಗೆ ಹೋದವಳು ಕೊನೆ ನೋಡದೆ ಯಾಕೆ ಎದ್ದು ಬರುತ್ತಾಳೆ?

'ಬೆವರಿದ ಮಲ್ಲಿಗೆ' ಎಂಬ ಕಾದಂಬರಿ ಒಂದು ವರ್ಷದಿಂದ ಇಳಕಲ್ಲಿನ ದಿಂಬುಗಳ ಕೆಳಗೆ ಕದ್ದುಮುಚ್ಚಿ ತಿರುಗಾಡಿತ್ತು. ಈಗ ಸಿನಿಮಾ ಆಗಿ ಬಾಗಲಕೋಟೆಗೆ ಬಂದಿತ್ತು. ಅದರಲ್ಲಿ ಸೀರೆ ಉಡುವುದು ಅರ್ಧ ಪುಟ, ಬಿಚ್ಚುವುದು ಹನ್ನೆರಡು ಪುಟ. ಸೀರೆ ನೇಯುವ ಊರಿನ ಮಾನ ಹೋಯಿತೆಂದು ಮೊದಲು ಕೂಗೆಬ್ಬಿಸಿದವಳು ಅಕ್ಕನ ಬಳಗದ ಅಧ್ಯಕ್ಷೆ ಗುರುಸಿದ್ದವ್ವನೇ. ಹುಡುಗಿಯರ ಕೈಯಿಂದ ಪುಸ್ತಕ ಕಸಿದು ಒಲೆಗೆ ಹಾಕಿದ್ದಳು. "ಮೂರ ಸಾಲು ಓದೂದ್ರಾಗ ವಾಂತಿ ಬಂತು" ಎಂದು ಬಳಗದ ಸಭೆಯಲ್ಲಿ ಹೇಳಿದ್ದಳು. ಸಿನಿಮಾ ನಿಲ್ಲಿಸಿರೆಂದು ಸೋಮವಾರ ಬಳಗದವರೆಲ್ಲ ಬಾಗಲಕೋಟೆಗೆ ಹೋಗಿ ಮನವಿ ಕೊಡುವುದಿತ್ತು. ಅಂಥವಳ ಸೊಸೆಯೇ ನೋಡಿ ಬಂದಿದ್ದರೆ?

ಶೀಲಾ ವಾರಕ್ಕೊಮ್ಮೆ ಬಾಗಲಕೋಟೆಯ ಅಂಗಡಿಗಳಿಗೆ ಸೀರೆ ಕೊಟ್ಟು ಬರುತ್ತಿದ್ದಳು. ಅವಳೇ ಕಟ್ಟಿದ ವ್ಯಾಪಾರ. ಅತ್ತೆ ಪಾಪ್‌ಕಾರ್ನನ್ನು ಅವಳ ಮೂಗಿನ ಮುಂದೆ ಹಿಡಿದಳು.

"ಬಸ್‌ಸ್ಟ್ಯಾಂಡಿನ್ಯಾಗ ತಿಂದಿದ್ದುರಿ ಅತ್ತಿ."

"ಹೂಂ. ನೀ ಆ ಪಿಚ್ಚರ್ ನೋಡಿದ್ದು ಖರೆ ಅಂತ ಗೊತ್ತಾತಂದ್ರ, ಅವತ್ತಿಗೆ ನಿನ್ನ ಯಾಪಾರ ಬಂದ್. ಬಾಗಲಕೋಟಿ ಹೆಸರ ಎತ್ತಂಗಿಲ್ಲ."

ಶೀಲಾ ತಲೆ ತಗ್ಗಿಸಿ ಒಳಗೆ ಹೋದಳು. ನಜಮಾ ಗುರುಸಿದ್ದವ್ವನ ಕಿವಿಗೆ ಬಾಯಿ ತಂದಳು.

"ಅಕ್ಕಾರ, ಪಿಚ್ಚರ್‌ನ್ಯಾಗ ಕೊನಿ ಬದಲ ಮಾಡ್ಯಾರಂತ, ಟೀವ್ಯಾಗ ಹೇಳಿದ್ರು. ಏನು ಬದಲ ಅನ್ನೂದು ನೋಡಿದವರಿಗಷ್ಟ ಗೊತ್ತು."

ಗುರುಸಿದ್ದವ್ವನ ಕಣ್ಣು ಮಿನುಗಿದವು. ಪುಸ್ತಕದ ಕೊನೆ ಹೇಳಿದರಾಯಿತು. ಸಿನಿಮಾ ನೋಡಿದ ಬಾಯಿ ಸುಮ್ಮನೆ ಕೂರುವುದಿಲ್ಲ.

ಸಂಜೆ ಗಂಡ ಸಂಗಯ್ಯ ಬಂದ. ಕುಳಗೇರಿ ಕ್ರಾಸಿಗೆ ಬೀಗರನ್ನು ಮಾತಾಡಿಸಲು ಹೋಗಿದ್ದ ಮನುಷ್ಯ. ಮಲಗುವ ಹೊತ್ತು ಬಿಟ್ಟರೆ ತಲೆಯಿಂದ ಇಳಿಯದ ರುಮಾಲು ಅಂದು ಬಗಲಲ್ಲಿತ್ತು.

"ಏನ್ರಿ, ರುಮಾಲ ಬಗಲಾಗ?"

"ಸೆಕಿ. ಕುಳಗೇರಿ ಕ್ರಾಸಿನ್ಯಾಗ ಭಾಳ ಸೆಕಿ."

ಊಟಕ್ಕೆ ಕುಳಿತರು. ಮಗ ಪ್ರೇಮಕುಮಾರ ಗ್ರಾನೈಟ್ ಕಾರ್ಖಾನೆಯಿಂದ ಇನ್ನೂ ಬಂದಿರಲಿಲ್ಲ. ಶೀಲಾ ಬಿಸಿ ರೊಟ್ಟಿ ತಂದಳು. ಗುರುಸಿದ್ದವ್ವ ಪುಂಡಿಪಲ್ಯ ಕಲಸುತ್ತ, ಗೋಡೆಗೆ ಹೇಳುವವಳಂತೆ ಶುರು ಮಾಡಿದಳು.

"ಅಲ್ಲಾ, ಆ ಹಾಳ ಪಿಚ್ಚರ್‌ನ ಹುಡುಗಿ ನೋಡ್ರಿ. ಕೊನಿಗೆ ಮೂಗುತಿ ಬಿಚ್ಚಿ ಅವನ ದಿಂಬಿನ ಮ್ಯಾಲೆ ಇಟ್ಟು, ಬಸ್ ಹತ್ತಿ ಹೋಗೇಬಿಡ್ತಾಳ. ಒಂದ್ ಸಲಾನೂ ತಿರುಗಿ ನೋಡಂಗಿಲ್ಲ. ಎಂಥಾ ಕಲ್ಲ ಎದಿ!"

ಶೀಲಾಳ ಕೈಯಲ್ಲಿ ರೊಟ್ಟಿ ನಿಂತಿತು. ಕಣ್ಣು ಅಗಲವಾದವು. ತುಟಿ ಅರೆ ತೆರೆಯಿತು. ಗುರುಸಿದ್ದವ್ವ ಮುಂದಕ್ಕೆ ಬಾಗಿದಳು. ಬಿತ್ತು, ಇನ್ನೇನು ಬಿತ್ತು.

"ಏ, ಎಲ್ಲಿ ಹೋಗ್ತಾಳ ಬಿಡ!" ಎಂದ ಸಂಗಯ್ಯ, ಬಾಯಿತುಂಬ ರೊಟ್ಟಿ. "ಕಂಡಕ್ಟರ್ ರೈಟ್ ಅನ್ನೂದ್ರಾಗ ಬಸ್ ಇಳದು ಓಡಿ ಬರ್ತಾಳ. ಅಂವಾ ನಡುರಸ್ತೆದಾಗ ಎತ್ತಿ..."

ಅಗಿಯುವುದು ನಿಂತಿತು.



"ಕುಳಗೇರಿ ಕ್ರಾಸಿನ್ಯಾಗ," ಗುರುಸಿದ್ದವ್ವ ತಣ್ಣಗೆ ಕೇಳಿದಳು, "ಯಾವಾಗ ಥೇಟರ್ ಆತ್ರಿ?"

ಸಂಗಯ್ಯ ನೀರು ಕುಡಿದ. ತಂಬಿಗೆ ಖಾಲಿಯಾಗುವ ತನಕ ಕುಡಿದ. ಆಮೇಲೆ ಬಾಯಿ ಒರೆಸಿಕೊಂಡು ಹೆಂಡತಿಯನ್ನು ನೋಡಿದ.

"ಅಲ್ಲಬೇ, ಪಿಚ್ಚರ್‌ನ್ಯಾಗ ಮೂಗುತಿನ ಇಲ್ಲ. ದಿಂಬಿನ ಮ್ಯಾಲೆ ಇಡೂದು ನಿನಗ ಹೆಂಗ ಗೊತ್ತಾತು? ಮೂರನೇ ಸಾಲಿನ್ಯಾಗನ ಇತ್ತೇನು ಅದು?"

ಗುರುಸಿದ್ದವ್ವನ ಕಿವಿ ಕೆಂಪಾದವು. ಒಲೆಗೆ ಹಾಕುವ ಮೊದಲು ಒಂದು ಪ್ರತಿಯನ್ನು ಪೂರ್ತಿ, ಅದೂ ಎರಡು ಸಲ, ಓದಿದವಳ ಕಿವಿಗಳು.

ಶೀಲಾ ಇಬ್ಬರ ತಟ್ಟೆಗೂ ರೊಟ್ಟಿ ಹಾಕಿದಳು. ದನಿ ಬೆಣ್ಣೆಯಂತಿತ್ತು.

"ಅತ್ತಿ, ಬರೂ ವಾರ ಬಾಗಲಕೋಟಿಗೆ ಸೀರಿ ಒಯ್ಲೋ, ಬ್ಯಾಡೋ?"

"ಒಯ್ಯವಾ, ಬ್ಯಾಡ ಅಂದವರ್ಯಾರು? ನಿನ್ನಂಥಾಕಿ ಮ್ಯಾಲೆ ಸಂಶೇ ಪಟ್ಟೆ ನಾ."

"ಮತ್ತ ಸೋಮವಾರದ ಮನವಿ?"

"ಮೊಣಕಾಲ ಹಿಡದಾವು. ಬಸ್ ಹತ್ತಾಕ ಆಗೂದಿಲ್ಲ."

ಮಾವ ತಟ್ಟೆಯೊಳಗೆ ಮುಖವಿಟ್ಟು ಕೆಮ್ಮಿದ. ಶೀಲಾ ಅಡುಗೆಮನೆಗೆ ಓಡಿ, ಬಾಗಿಲ ಮರೆಯಲ್ಲಿ ಸೆರಗನ್ನು ಬಾಯಿಗೆ ಅದುಮಿಕೊಂಡಳು. ಒಂದು ಕೊನೆಗಾಗಿ ಮಧ್ಯಾಹ್ನದಿಂದ ಜೀವ ಬಡಿದುಕೊಳ್ಳುತ್ತಿತ್ತು. ಒಂದೇ ಊಟದಲ್ಲಿ ಎರಡು ಸಿಕ್ಕಿದ್ದವು.

ಅಂದು ಮಧ್ಯಾಹ್ನ ಥೇಟರಿನ ಕತ್ತಲಲ್ಲಿ, ನಾಯಕಿ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಡುವ ಹೊತ್ತಿಗೆ, "ಯಜಮಾನ್ರ, ರುಮಾಲ ತಗೀರಿ, ಏನೂ ಕಾಣವಲ್ದು!" ಎಂದು ಹಿಂದಿನಿಂದ ಕೂಗಿದವಳು ಅವಳೇ. ರುಮಾಲು ತೆಗೆದು, "ತಪ್ಪಾತವಾ ತಂಗಿ" ಎಂದು ಹಿಂತಿರುಗಿದ ಮುಖ ಮಾವನದಾಗಿತ್ತು.