ನಿಂಗಿಯ ಸೀಬೆಹಣ್ಣು

ತಳ್ಳುಗಾಡಿಯಿಂದ ಮಾಗಿದ ಸೀಬೆಹಣ್ಣಿನ ವಾಸನೆ ಬಂದರೆ ನಾನು ಈಗಲೂ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇನೆ.

ಆಗ ನಾವು ರಾಜಾಜಿನಗರಕ್ಕೆ ಹೊಸಬರು. ಮನೆಯ ಗೋಡೆಗೆ ಬಳಿದ ಸುಣ್ಣ ಇನ್ನೂ ಕೈಗೆ ಅಂಟುತ್ತಿತ್ತು. ಹಿತ್ತಲಲ್ಲಿ ಮಾತ್ರ ಹಳೆಯದೊಂದು ಸೀಬೆಮರವಿತ್ತು. "ಯಾವ ಪುಣ್ಯಾತ್ಮ ಹಾಕಿದ್ನೋ, ಈಗ ನಮ್ದು," ಎನ್ನುತ್ತಿದ್ದರು ಅಪ್ಪ.

ಮಧ್ಯಾಹ್ನದ ಪಾಠದಲ್ಲಿ ಇಂಗ್ಲಿಷ್ ಮೇಷ್ಟ್ರು ನಮ್ಮ ಚೀಲಗಳಿಂದ ಒಂದೊಂದು ವಸ್ತು ತೆಗೆದು ಎತ್ತಿ ಹಿಡಿದು, "ಹೂಸ್ ಈಸ್ ದಿಸ್?" ಎಂದು ಕೇಳುತ್ತಿದ್ದರು. "ಇಟ್ ಈಸ್ ಮೈನ್, ಸಾರ್," ಎಂದವರಿಗೆ ಮಾತ್ರ ಅದು ವಾಪಸ್ಸು. ಅಂದು ನಿಂಗಿಯ ಚೀಲದಿಂದ ಸೀಬೆಹಣ್ಣು ಬಂತು. ಅವಳ ಮನೆಯವರ ಹೊಲವೆಲ್ಲ ನಮ್ಮ ಬಡಾವಣೆಗೆ ಹೋಗಿತ್ತು.

"ನಂದು ಸಾರ್. ನಮ್ ತಾತ ಹಾಕಿದ್ ಮರದ್ದು," ಎಂದಳು.

"ಇಂಗ್ಲಿಷಲ್ಲಿ ಹೇಳೇ."

ಅವಳಿಗೆ ಬರಲಿಲ್ಲ. ನಾನು ಎದ್ದು ನಿಂತೆ. "ಇಟ್ ಈಸ್ ಮೈನ್, ಸಾರ್. ನಮ್ಮ ಹಿತ್ತಲಿಂದ ಕದ್ದಿದಾಳೆ."

ಅವಳ ಅಂಗೈ ಮೇಲೆ ಬೆತ್ತದಿಂದ ನಾಲ್ಕು ಏಟು ಬಿದ್ದವು. ಆಮೇಲೆ ಮೇಷ್ಟ್ರು ಅವಳ ಕೈಯಿಂದಲೇ ನನಗೆ ಹಣ್ಣು ಕೊಡಿಸಿದರು.

"ಈಗ ಹೇಳು, ಇಟ್ ಈಸ್ ನಾಟ್ ಮೈನ್. ಅಂದ್ರೆ, ಇದು ನಂದಲ್ಲ ಅಂತ."

ಇಡೀ ಕ್ಲಾಸು ನಗಲು ಕಾಯುತ್ತಿತ್ತು. ನಿಂಗಿ ಬಾತ ಅಂಗೈಯನ್ನು ಲಂಗಕ್ಕೆ ಒತ್ತಿಕೊಂಡು, ಒಂದಕ್ಷರವೂ ತಪ್ಪದೆ ಹೇಳಿದಳು. ಅವಳ ಬಾಯಿಂದ ಬಂದ ಮೊದಲ ಇಂಗ್ಲಿಷ್ ಮಾತು ಅದು.

"ವೆರಿ ಗುಡ್," ಎಂದರು ಮೇಷ್ಟ್ರು.

ನಾನು ಅವಳನ್ನೇ ನೋಡುತ್ತಾ ಹಣ್ಣು ಕಚ್ಚಿದೆ.